ಸಂಘದ ಜಾಲತಾಣಕ್ಕೆ ಇಬ್ಬರು ಯಾಕೆ? – ಪ್ರೋಗ್ರಾಮರ್ ಮತ್ತು ಡಿಸೈನರ್ ಕೂಡಿ ಮಾಡುವ ಕೆಲಸ



ಮೊನ್ನೆಯ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡಿಸುವಾಗ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಜಾಲತಾಣ ಒಂದೇ ಅಲ್ಲವಾ ಮಾರಾಯ್ರೇ, ಅದಕ್ಕೆ ಇಬ್ಬರಿಗೆ ಯಾಕೆ ಹಣ?" ಎಂದು ಕೇಳಿದರು. ಊಟದ ಹೊತ್ತಾಗಿತ್ತು, ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು. ಪ್ರಶ್ನೆ ಮಾತ್ರ ನ್ಯಾಯವಾದದ್ದು. ಸಂಘದ ಹಣ ಸದಸ್ಯರ ಹಣ. ಲೆಕ್ಕ ಕೇಳುವ ಹಕ್ಕು ಎಲ್ಲರಿಗೂ ಇದೆ. ಆದ್ದರಿಂದ ಈ ಸಂಚಿಕೆಯಲ್ಲಿ ಅದಕ್ಕೇ ವಿವರವಾಗಿ ಉತ್ತರ ಬರೆಯುತ್ತಿದ್ದೇವೆ. ನಾವು ಕಂಪ್ಯೂಟರ್ ಓದಿದವರಲ್ಲ, ಕಡತಗಳ ನಡುವೆ ಸೇವಾವಧಿ ಕಳೆದವರು. ಆದರೆ ಹೊಸ ತಾಣದ ಕೆಲಸ ನಡೆದ ಇಷ್ಟು ತಿಂಗಳೂ ಆ ಇಬ್ಬರು ಯುವಕ ಯುವತಿಯರ ಪಕ್ಕದಲ್ಲೇ ಕುಳಿತು ನೋಡಿದ್ದೇವೆ, ಕೇಳಿದ್ದೇವೆ. ಅದರಿಂದ ತಿಳಿದದ್ದು ಇಷ್ಟು.

ಮೊದಲು ಹಳೆಯ ಪುಟದ ಕಥೆ. ಅದು ಅಚ್ಚು ಹಾಕಿದ ಕರಪತ್ರದಂತಿತ್ತು. ಒಬ್ಬ ಹುಡುಗ ಪ್ರೀತಿಯಿಂದ ಮಾಡಿಕೊಟ್ಟಿದ್ದ. ಪ್ರತಿಯೊಂದು ಕಾರ್ಯಕ್ರಮ ಬಂದಾಗಲೂ ಅವನೇ ಪುಟವನ್ನು ಬಿಚ್ಚಿ, ಅಕ್ಷರ ತಿದ್ದಿ, ಪೋಸ್ಟರಿನ ಚಿತ್ರ ಅಂಟಿಸಬೇಕಿತ್ತು. ಅವನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು. ಪಾಸ್‌ವರ್ಡ್ ಕೂಡ ಅವನ ಜೊತೆಗೇ ವಿಮಾನ ಹತ್ತಿತು. ಮಳೆಗಾಲದಲ್ಲಿ ಒಂದು ಕವಿಗೋಷ್ಠಿ ಮುಂದೆ ಹೋಯಿತು. ವಾಟ್ಸಾಪ್ ಇದ್ದವರಿಗೆ ಗೊತ್ತಾಯಿತು. ಪುಟವನ್ನೇ ನಂಬಿದ್ದ ಕೆಲವರು ಎರಡೆರಡು ಬಸ್ಸು ಬದಲಿಸಿ, ಕೊಡೆ ಹಿಡಿದುಕೊಂಡು ಬಂದು, ಬೀಗ ಹಾಕಿದ ಸಭಾಂಗಣ ನೋಡಿ ಹಿಂತಿರುಗಿದರು. ಅವರಲ್ಲಿ ಎಪ್ಪತ್ತು ದಾಟಿದವರೂ ಇದ್ದರು. ಇಂಥ ಪುಟಕ್ಕೆ ಸ್ಥಿರ ಪುಟ ಎನ್ನುತ್ತಾರೆ. ಬರೆದದ್ದು ಬರೆದ ಹಾಗೆಯೇ ಇರುತ್ತದೆ, ಯಾರಾದರೂ ಹೋಗಿ ತಿದ್ದುವವರೆಗೆ.

ನಮಗೆ ಬೇಕಾಗಿದ್ದದ್ದು ಇದಕ್ಕೆ ಬದಲಾದದ್ದು, ಅಂದರೆ ಡೈನಾಮಿಕ್ ಜಾಲತಾಣ. ಕಚೇರಿಯಲ್ಲಿ ದುಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೇಜಿನ ಮೇಲೆ ಒಂದು ಅಚ್ಚಾದ ನಮೂನೆ ಇದೆ. ಹೆಸರು, ಊರು, ದಿನಾಂಕ ಎಂದು ಖಾಲಿ ಜಾಗ ಬಿಟ್ಟಿದ್ದಾರೆ. ಕಪಾಟಿನಲ್ಲಿ ರಿಜಿಸ್ಟರ್ ಇದೆ. ಅರ್ಜಿದಾರ ಬಂದು ಕೇಳಿದಾಗ ಗುಮಾಸ್ತ ರಿಜಿಸ್ಟರ್ ತೆಗೆದು, ಬೇಕಾದ ಸಾಲು ಹುಡುಕಿ, ನಮೂನೆಯ ಖಾಲಿ ಜಾಗದಲ್ಲಿ ಬರೆದು ಕೊಡುತ್ತಾನೆ. ಡೈನಾಮಿಕ್ ತಾಣದಲ್ಲಿ ಆ ರಿಜಿಸ್ಟರಿಗೆ ಡೇಟಾಬೇಸ್ ಎಂದು ಹೆಸರು, ನಮೂನೆಗೆ ಟೆಂಪ್ಲೇಟ್ ಎಂದು ಹೆಸರು, ಗುಮಾಸ್ತನ ಕೆಲಸ ಮಾಡುವುದು ಪ್ರೋಗ್ರಾಮ್. ನೀವು ಮೊಬೈಲಿನಲ್ಲಿ 'ಕಾರ್ಯಕ್ರಮಗಳು' ಎಂದು ಒತ್ತಿದ ಕ್ಷಣದಲ್ಲಿ ಪುಟ ಹುಟ್ಟುತ್ತದೆ. ತಾಳಮದ್ದಳೆ ಕೇಳಿದವರಿಗೆ ಇನ್ನೂ ಬೇಗ ಹೊಳೆಯಬಹುದು: ಪದ್ಯ ಮೊದಲೇ ಬರೆದದ್ದು, ಅರ್ಥ ಆ ರಾತ್ರಿ ಆ ಕೂಟದಲ್ಲಿ ಹುಟ್ಟುವಂಥದ್ದು.

ಈಗ ಇಬ್ಬರ ಪ್ರಶ್ನೆಗೆ ಬರೋಣ. ನಮೂನೆ ಹೇಗಿರಬೇಕು, ಯಾವ ಅಕ್ಷರ ಎಷ್ಟು ದೊಡ್ಡದು, ಯಾವ ಬಣ್ಣ, ಕಣ್ಣು ಮಂಜಾದವರಿಗೂ ಓದಲು ಬರುತ್ತದೆಯೇ, ಹೆಬ್ಬೆರಳಿಗೆ ಗುಂಡಿ ಸಿಗುತ್ತದೆಯೇ ಎಂದು ನೋಡುವವರು ಡಿಸೈನರ್. ರಿಜಿಸ್ಟರಿನಲ್ಲಿ ಎಷ್ಟು ಕಾಲಂ ಇರಬೇಕು, ಯಾರು ಬರೆಯಬಹುದು, ಯಾರು ಓದಲು ಮಾತ್ರ ಬರಬಹುದು, ಕಳ್ಳರು ನುಗ್ಗದಂತೆ ಹೇಗೆ ನೋಡುವುದು ಎಂಬುದೆಲ್ಲ ಪ್ರೋಗ್ರಾಮರ್ ಕೆಲಸ. ನಮ್ಮ ಯಕ್ಷಗಾನದಲ್ಲಿ ಹಿಮ್ಮೇಳ ಮುಮ್ಮೇಳ ಇದ್ದಂತೆ. ಚೆಂಡೆಯವರು ವೇಷ ಕಟ್ಟಬಾರದೆಂದೇನೂ ಇಲ್ಲ. ಆದರೆ ಒಂದೇ ರಾತ್ರಿ ಎರಡೂ ಮಾಡಲು ಹೊರಟರೆ ಆಟ ಕೆಡುತ್ತದೆ.

ಮೊದಮೊದಲು ಜಗತ್ತಿನಲ್ಲೂ ಈ ಕೆಲಸಗಳು ಬೇರೆ ಬೇರೆ ಆಗಿರಲಿಲ್ಲ. ಟಿಮ್ ಬರ್ನರ್ಸ್ ಲೀ ಅವರ ಮೊದಲ ಜಾಲತಾಣ 1991ರಲ್ಲಿ ಬಂದಾಗ ಅದು ಬರೀ ಬರಹದ ಪುಟ. ಪುಟದ ಅಂದಚೆಂದವನ್ನು ಬರಹದಿಂದ ಬೇರೆಯಾಗಿಡಬೇಕು ಎಂಬ ಸಿಎಸ್‌ಎಸ್ ವಿಧಾನವನ್ನು ಹೋಕನ್ ವಿಯಮ್ ಲೀ ಎಂಬವರು 1994ರಲ್ಲಿ ಮುಂದಿಟ್ಟರು. 1996ರಲ್ಲಿ ಅದಕ್ಕೆ ಅಧಿಕೃತ ಮನ್ನಣೆ ಸಿಕ್ಕಿತು. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಅವರ ಪಿಎಚ್‌ಪಿ ಹೊರಬಂತು. ಅದರಿಂದ ಅನುಕೂಲವಾದಷ್ಟೇ ಕಷ್ಟವೂ ಆಯಿತು. ಒಂದೇ ಕಡತದೊಳಗೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಲೆಕ್ಕಾಚಾರ, ಪುಟದ ಬಣ್ಣ, ಎಲ್ಲವನ್ನೂ ಕಲಸಿ ಬರೆಯಬಹುದಿತ್ತು. ಡಿಸೈನರ್ ಶೀರ್ಷಿಕೆಯ ಬಣ್ಣ ಬದಲಿಸಲು ಹೋಗಿ ಒಂದು ಅರ್ಧವಿರಾಮ ಅಳಿಸಿದರೆ ಇಡೀ ತಾಣ ಬಿಳಿ ಹಾಳೆ. ಇದನ್ನು ಬೇರೆ ಬೇರೆಯಾಗಿ ಇಡಬೇಕೆಂಬ ಬುದ್ಧಿ ಮಾತ್ರ ಅದಕ್ಕಿಂತ ಹಳೆಯದು: ಟ್ರಿಗ್ವೆ ರೀನ್‌ಸ್ಕೌ ಎಂಬ ನಾರ್ವೆಯವರು 1979ರಲ್ಲೇ ಮಾಹಿತಿ ಒಂದು ಕಡೆ, ತೋರಿಕೆ ಒಂದು ಕಡೆ, ನಡುವೆ ನಿರ್ವಾಹಕ ಒಬ್ಬ ಎಂಬ ಮೂರು ಭಾಗದ ವ್ಯವಸ್ಥೆ ಹೇಳಿದ್ದರು. ಜಾಲತಾಣ ಕಟ್ಟುವವರು ಆ ದಾರಿಗೆ ಬರಲು ಎಷ್ಟೋ ವರ್ಷ ಹಿಡಿಯಿತು.

ಕನ್ನಡದ ದಾರಿ ಇದಕ್ಕಿಂತ ಮುಳ್ಳಿನದು. ಡಾ. ಯು.ಬಿ. ಪವನಜ ಅವರು 1996ರಲ್ಲಿ 'ವಿಶ್ವಕನ್ನಡ' ಆರಂಭಿಸಿದಾಗ ಕನ್ನಡವನ್ನು ಪರದೆಗೆ ತರುವುದೇ ಸಾಹಸ. ಆ ಕಾಲದಲ್ಲಿ ಒಂದೊಂದು ಪತ್ರಿಕೆಗೆ ಒಂದೊಂದು ಫಾಂಟ್. ಓದುಗನೇ ಅದನ್ನು ಇಳಿಸಿಕೊಳ್ಳಬೇಕು. ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ. ಡಿಸೈನರಿಗೆ ಅದು ಸಾಕಿತ್ತು, ಕಣ್ಣಿಗೆ ಕನ್ನಡ ಕಂಡರಾಯಿತು. ಪ್ರೋಗ್ರಾಮರಿಗೆ ಸಾಲದು. 'ಗೋವಿಂದ ಪೈ' ಎಂದು ಹುಡುಕಿದರೆ ಸಿಗದು, ಅಕಾರಾದಿಯಾಗಿ ಜೋಡಿಸಲು ಬಾರದು. ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟ್ ಬಂದ ಮೇಲೆ ಅದು ಮನೆಮನೆಗೆ ತಲುಪತೊಡಗಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಹರಿಪ್ರಸಾದ್ ನಾಡಿಗ್ ಅವರ 'ಸಂಪದ' 2005ರಲ್ಲಿ ಡ್ರೂಪಲ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿತು. ಅಲ್ಲಿ ಸಾವಿರಾರು ಮಂದಿ ತಾವೇ ಬರೆದು ತಾವೇ ಪ್ರಕಟಿಸುವಂತಾದದ್ದು ಡೈನಾಮಿಕ್ ತಾಣದ ಗುಣದಿಂದ. ವಿಕಿಪೀಡಿಯದಲ್ಲಿ ನಾವು ಗಮನಿಸಬೇಕಾದ ಜಾಣತನ ಒಂದಿದೆ. 'ಸಂಪಾದಿಸಿ', 'ಇತಿಹಾಸ', 'ಉಳಿಸಿ' ಮುಂತಾದ ಗುಂಡಿಯ ಮಾತುಗಳನ್ನು ಪ್ರೋಗ್ರಾಮಿನ ಒಳಗೆ ಬರೆದಿಲ್ಲ, ಪ್ರತ್ಯೇಕ ಪಟ್ಟಿಯಲ್ಲಿ ಇಟ್ಟಿದ್ದಾರೆ. ಆದ್ದರಿಂದ ಪ್ರೋಗ್ರಾಮ್ ಬರೆದವನಿಗೆ ಕನ್ನಡ ಬಾರದಿದ್ದರೂ ನಮ್ಮ ಊರಿನ ಒಬ್ಬ ಮೇಷ್ಟ್ರು ಕೂತು ಅನುವಾದಿಸಬಹುದು. ನಮ್ಮ ತಾಣದಲ್ಲೂ ಹಾಗೆಯೇ ಮಾಡಿದ್ದೇವೆ. ಗುಂಡಿಯ ಮಾತು ತಿದ್ದಲು ಈಗ ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ.

ಇಬ್ಬರೂ ಮೊದಲೇ ಕೂತು ಮಾತಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೆಲವು ಉದಾಹರಣೆ ಕೊಡುತ್ತೇವೆ. ಇವೆಲ್ಲ ನಮ್ಮ ಪ್ರಾಯೋಗಿಕ ಪ್ರತಿಯಲ್ಲೇ ಕಂಡದ್ದು, ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಸರಿಯಾದದ್ದು.

ಮುಖಪುಟದಲ್ಲಿ ಪ್ರತಿ ಸುದ್ದಿಯ ಮೊದಲ ಎರಡು ಸಾಲು ಮಾತ್ರ ಕಾಣಬೇಕೆಂದು ಡಿಸೈನರ್ ಚೌಕ ಬರೆದಳು. ಪ್ರೋಗ್ರಾಮರ್ ಇಷ್ಟು ಅಕ್ಷರಕ್ಕೆ ಕತ್ತರಿಸು ಎಂದು ಬರೆದ. ಇಂಗ್ಲಿಷಿನಲ್ಲಿ ಅದು ನಡೆಯುತ್ತದೆ. ಕನ್ನಡದಲ್ಲಿ 'ಯಕ್ಷಗಾನ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ ಏಳು ಸಂಕೇತ. ಮೂರಕ್ಕೆ ಕತ್ತರಿಸಿದರೆ ಉಳಿಯುವುದು 'ಯಕ್'! 'ಕಾಸರಗೋಡು' ಐದು ಅಕ್ಷರ, ಎಂಟು ಸಂಕೇತ, ಸಂಗ್ರಹಿಸಲು ಇಪ್ಪತ್ತನಾಲ್ಕು ಬೈಟ್. ಕತ್ತರಿಸುವುದಾದರೆ ಪದದ ಕೊನೆಯಲ್ಲೇ ಕತ್ತರಿಸಬೇಕು, ಇಲ್ಲವೇ ಎಷ್ಟು ಸಾಲು ಕಾಣಬೇಕೆಂಬುದನ್ನು ಪೂರ್ತಿ ಡಿಸೈನರಿಗೇ ಬಿಡಬೇಕು ಎಂದು ಇಬ್ಬರೂ ಕೂಡಿ ತೀರ್ಮಾನಿಸಿದರು.

ಹುಡುಕುವ ವಿಷಯವೂ ಹೀಗೆಯೇ. 'ಗೋ' ಎಂಬಲ್ಲಿರುವ ಓಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಒಳಗೆ ಇಡುವಾಗಲೇ ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು ಪ್ರೋಗ್ರಾಮರ್ ಜವಾಬ್ದಾರಿ. ಇನ್ನು ನಮ್ಮವರಿಗೆ ಹೆಸರಿನ ಪಕ್ಕ ಕೈಮುಗಿದ ಚಿಹ್ನೆ ಹಾಕುವ ಅಭ್ಯಾಸ. ಮೈಎಸ್‌ಕ್ಯುಎಲ್ ಡೇಟಾಬೇಸಿನ ಹಳೆಯ 'ಯುಟಿಎಫ್8' ವ್ಯವಸ್ಥೆಯಲ್ಲಿ ಒಂದು ಸಂಕೇತಕ್ಕೆ ಹೆಚ್ಚೆಂದರೆ ಮೂರು ಬೈಟ್ ಜಾಗ. ಕನ್ನಡಕ್ಕೆ ಅದು ಸಾಕು, ಆ ಚಿಹ್ನೆಗೆ ನಾಲ್ಕು ಬೇಕು. ಒಂದು ನಮಸ್ಕಾರಕ್ಕಾಗಿ ಇಡೀ ಅರ್ಜಿ ಬಿದ್ದುಹೋಗಬಹುದು. 'ಯುಟಿಎಫ್8ಎಂಬಿ4' ಎಂಬ ವ್ಯವಸ್ಥೆ ಆಯ್ದುಕೊಂಡರೆ ಈ ತಾಪತ್ರಯ ಇಲ್ಲ.

ಡಿಸೈನರ್ ಕಡೆಯಿಂದಲೂ ಹೇಳುವುದಿದೆ. ಸಾಮಾನ್ಯವಾಗಿ ಅವರು ಲ್ಯಾಟಿನ್ ಭಾಷೆಯ ಅರ್ಥವಿಲ್ಲದ ಸಾಲುಗಳನ್ನು ತುಂಬಿ ಮಾದರಿ ಮಾಡುತ್ತಾರೆ. ನೋಡಲು ಬಲು ಚೆಂದ. ಅದೇ ಜಾಗಕ್ಕೆ 'ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈ ಜನ್ಮದಿನಾಚರಣೆ ಮತ್ತು ಗಡಿನಾಡ ಕವಿಗೋಷ್ಠಿ' ಬಂದಾಗ ಚೌಕ ಒಡೆಯುತ್ತದೆ. 'ರಾಷ್ಟ್ರ' ಎಂಬಲ್ಲಿ ಒಂದರ ಕೆಳಗೆ ಒಂದು ಒತ್ತು. ಸಾಲಿನ ಅಂತರ ಇಂಗ್ಲಿಷಿನ ಅಳತೆಯಲ್ಲಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಮ್ಮ ತಾಣದಲ್ಲಿ ಸಾಲಿನ ಎತ್ತರವನ್ನು ಅಕ್ಷರದ ಒಂದೂವರೆ ಪಟ್ಟಿಗಿಂತ ಹೆಚ್ಚು ಇಟ್ಟಿದ್ದೇವೆ, ಫಾಂಟ್ ನೋಟೋ ಸಾನ್ಸ್ ಕನ್ನಡ. ತಿಳಿ ಬೂದು ಬಣ್ಣದ ಅಕ್ಷರ ಬೇಡವೆಂದು ನಾವೇ ಹಠ ಹಿಡಿದೆವು. ಅದು ಫ್ಯಾಷನ್ ಇರಬಹುದು, ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಕಾಣುವುದಿಲ್ಲ.

ಇನ್ನೊಂದು ಸಂಗತಿ ಕೇಳಿದರೆ ನಿಮಗೆ ನಗು ಬರಬಹುದು, ಸ್ವಲ್ಪ ಬೇಸರವೂ. ಸದಸ್ಯತ್ವದ ನಮೂನೆಗೆ ಪ್ರೋಗ್ರಾಮರ್ ಎಲ್ಲಿಂದಲೋ ಸಿದ್ಧ ಜಿಲ್ಲಾ ಪಟ್ಟಿ ತಂದು ಹಾಕಿದ. ಕರ್ನಾಟಕದ 31 ಜಿಲ್ಲೆಗಳೂ ಇದ್ದವು. ಕಾಸರಗೋಡು ಇರಲಿಲ್ಲ. 1956ರ ನವೆಂಬರ್ 1ರಿಂದ ನಮಗಿದು ಹೊಸತಲ್ಲ. ಆದರೂ ನಮ್ಮದೇ ಸಂಘದ ನಮೂನೆಯಲ್ಲಿ ನಮಗೇ ಜಾಗವಿಲ್ಲ ಎಂದರೆ! ಸಾಂಗ್ಲಿ ಜಿಲ್ಲೆಯ ಜತ್ತ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಆಂಧ್ರದ ಆದೋನಿ, ಮಡಕಶಿರಾ, ತಮಿಳುನಾಡಿನ ಹೊಸೂರು, ತಾಳವಾಡಿಗಳಲ್ಲಿರುವ ನಮ್ಮ ಸದಸ್ಯರೂ ಆ ಪಟ್ಟಿಯ ಹೊರಗೆ. ಈಗ ರಾಜ್ಯ ಮೊದಲು, ಆಮೇಲೆ ಜಿಲ್ಲೆ, ಆಮೇಲೆ ಊರು ಎಂದು ಮೂರು ಮೆಟ್ಟಿಲು ಮಾಡಿದ್ದಾರೆ. ರಾಜ್ಯದ ಜಾಗದಲ್ಲಿ ಯಾವುದನ್ನೂ ಮೊದಲೇ ತುಂಬಿಟ್ಟಿಲ್ಲ. ಕೇರಳದವರಿಗೆ ಮನೆ ಹೆಸರು ಬರೆಯಲು ಪ್ರತ್ಯೇಕ ಜಾಗವೂ ಇದೆ.

ಊರಿನ ಹೆಸರು ಇನ್ನೂ ಸೂಕ್ಷ್ಮ. ನಾವು ಕುಂಬಳೆ ಎನ್ನುವುದು ಮಲಯಾಳದಲ್ಲಿ ಕುಂಬಳ. ಮಂಜೇಶ್ವರ ಮಂಜೇಶ್ವರಂ ಆಗುತ್ತದೆ. ಇಂಗ್ಲಿಷಿನಲ್ಲಿ ಬದಿಯಡ್ಕವನ್ನು ಬರೆಯುವ ರೀತಿ ಬೋರ್ಡಿನಿಂದ ಬೋರ್ಡಿಗೆ ಬೇರೆ. ಒಬ್ಬೊಬ್ಬರು ಒಂದೊಂದು ರೀತಿ ತುಂಬಿದರೆ ಒಂದೇ ಊರು ಮೂರು ಊರಾಗಿ, ಆ ಊರಿನ ಸದಸ್ಯರಿಗೆ ಕಾರ್ಯಕ್ರಮದ ಸೂಚನೆ ಹೋಗದೆ ಉಳಿಯುತ್ತದೆ. ಪ್ರೋಗ್ರಾಮರ್ ಇದಕ್ಕೆ ಕಚೇರಿಯ ಉಪಾಯವನ್ನೇ ಮಾಡಿದ: ಪ್ರತಿ ಊರಿಗೆ ಒಂದು ಕ್ರಮಸಂಖ್ಯೆ. ಡೇಟಾಬೇಸಿನಲ್ಲಿ ಸಂಖ್ಯೆ, ಅದರ ಎದುರು ಮೂರು ಭಾಷೆಯ ಹೆಸರು. ಕನ್ನಡ ಪುಟದಲ್ಲಿ ಯಾವಾಗಲೂ ಕನ್ನಡದ ಹೆಸರೇ ಕಾಣಬೇಕೆಂಬುದು ಡಿಸೈನರ್ ಟೆಂಪ್ಲೇಟಿನಲ್ಲಿ ಹಾಕಿದ ನಿಯಮ. ನೆರೆಯ ಮಲಯಾಳಿ ಸ್ನೇಹಿತರು ನೋಡುವ ಪುಟದಲ್ಲಿ ಅವರ ರೂಪ. ಹೆಸರಿನ ಬಗ್ಗೆ ಇಲ್ಲಿ ಎಷ್ಟು ಜಗಳವಾಗಿದೆ ಎಂದು ನಿಮಗೆ ಗೊತ್ತಿದೆ. ಡೇಟಾಬೇಸಿನಲ್ಲಿ ಮಾತ್ರ ಅದಕ್ಕೆ ಶಾಂತವಾದ ಪರಿಹಾರ ಇದೆ.

ಮಧ್ಯರಾತ್ರಿಯ ತಕರಾರು ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು. ಕಾರ್ಯಕ್ರಮಕ್ಕೆ ದಿನಾಂಕ ಒಂದೇ ಸಾಕೆಂದು ಪ್ರೋಗ್ರಾಮರ್ ಅಂದುಕೊಂಡಿದ್ದ. ದಿನ ಕಳೆದದ್ದೇ 'ಮುಗಿದ ಕಾರ್ಯಕ್ರಮ'ಗಳ ಪಟ್ಟಿಗೆ ಹೋಗುತ್ತದೆ. ಬೆಂಗಳೂರಿನ ಕೆಲಸಕ್ಕೆ ಅದು ಸರಿ. ಇಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾದ 'ದೇವಿ ಮಹಾತ್ಮೆ' ಬೆಳಗ್ಗೆ ಆರಕ್ಕೆ ಮಂಗಳವಾಗುವುದು. ಹನ್ನೆರಡು ಗಂಟೆ ಹೊಡೆದಾಗ ಮಹಿಷಾಸುರ ಇನ್ನೂ ರಂಗದ ಮೇಲಿದ್ದಾನೆ, ನಮ್ಮ ಪುಟದಲ್ಲಿ ಆಟ ಮುಗಿದುಹೋಗಿದೆ! "ಅಣ್ಣಾ, ಆಟ ಅಂದ್ರೆ ಬೆಳಗಾಗುವವರೆಗೆ" ಎಂದು ಬದಿಯಡ್ಕ ಕಡೆಯ ಆ ಹುಡುಗಿ ಹೇಳಿದ ಮೇಲೆ ಅವನು ಶುರುವಾಗುವ ಸಮಯ, ಮುಗಿಯುವ ಸಮಯ ಎಂದು ಎರಡು ಕಾಲಂ ಮಾಡಿದ. (ಈಗ ಕಾಲಮಿತಿಯ ಆಟಗಳೇ ಹೆಚ್ಚಾದವು, ಅದು ಬೇರೆ ಮಾತು.) ಸರ್ವರ್ ಯಾವ ದೇಶದ ಗಡಿಯಾರ ನೋಡುತ್ತದೆ ಎಂಬುದೂ ಆಗಲೇ ಬೆಳಕಿಗೆ ಬಂತು. ಅದು ಲಂಡನ್ ಕಡೆಯ ಸಾರ್ವತ್ರಿಕ ಸಮಯ ಹಿಡಿದರೆ ನಮಗೆ ಬೆಳಗ್ಗೆ ಐದೂವರೆಯವರೆಗೆ ನಿನ್ನೆಯೇ. ಕೊಲ್ಲಿಯಲ್ಲಿರುವ ಮಕ್ಕಳು ನೇರ ಪ್ರಸಾರ ನೋಡುವುದರಿಂದ, ನಮ್ಮ ಸಂಜೆ ಆರು ಎಂದರೆ ದುಬೈಯಲ್ಲಿ ನಾಲ್ಕೂವರೆ ಎಂದು ಅಲ್ಲಿಯೇ ಕಾಣುವಂತೆ ಮಾಡಿದ್ದಾರೆ.

ಹಾಗಾದರೆ ಇಬ್ಬರೂ ಹೇಗೆ ಕೂಡಿ ಕೆಲಸ ಮಾಡಿದರು?

ಮೊದಲ ವಾರ ಯಾರೂ ಕಂಪ್ಯೂಟರ್ ಮುಟ್ಟಲಿಲ್ಲ. ಒಂದು ದೊಡ್ಡ ಹಾಳೆಯಲ್ಲಿ ಸಂಘದ ಹತ್ತಿರ ಏನೇನು ಮಾಹಿತಿ ಇದೆ ಎಂದು ಬರೆದರು: ಕಾರ್ಯಕ್ರಮದ ಹೆಸರು, ಸ್ಥಳ, ಶುರು, ಮುಕ್ತಾಯ, ಸ್ಥಿತಿ, ಯಾರು ನಡೆಸುವುದು, ಯಾರಿಗೆ ಫೋನ್ ಮಾಡಬೇಕು. ಪ್ರತಿಯೊಂದಕ್ಕೂ ಒಂದು ಗೊತ್ತಾದ ಹೆಸರಿಟ್ಟು, ಯಾವುದು ಕಡ್ಡಾಯ, ಯಾವುದು ಖಾಲಿ ಇರಬಹುದು ಎಂದು ಗುರುತು ಹಾಕಿದರು. ಇದು ಅವರಿಬ್ಬರ ಕರಾರು ಪತ್ರ. ಅದರ ಆಧಾರದ ಮೇಲೆ ಡಿಸೈನರ್ ನಮ್ಮ ಹಳೆಯ ಆಮಂತ್ರಣ ಪತ್ರಿಕೆಗಳನ್ನೇ ಮಾದರಿ ಮಾಹಿತಿಯಾಗಿ ತುಂಬಿ ಟೆಂಪ್ಲೇಟ್ ಮಾಡಿದಳು. ಪ್ರೋಗ್ರಾಮರ್ ಬೆಂಗಳೂರಿನಲ್ಲಿ ಕೂತು ಒಳಗಿನ ಕೆಲಸ ಮಾಡಿದ. ಒಬ್ಬರಿಗಾಗಿ ಇನ್ನೊಬ್ಬರು ಕಾಯಬೇಕಾಗಲಿಲ್ಲ. ಒಬ್ಬರು ಹಾಳೆಯಲ್ಲಿರುವ ಹೆಸರು ಬದಲಿಸಿದರೆ ಇನ್ನೊಬ್ಬರ ಕೆಲಸ ಮುರಿಯುತ್ತದೆ, ಆದ್ದರಿಂದ ಕೇಳದೆ ಬದಲಿಸುವಂತಿಲ್ಲ. ಟೆಂಪ್ಲೇಟಿನಲ್ಲಿ ಡೇಟಾಬೇಸಿನ ಪ್ರಶ್ನೆ ಬರೆಯುವಂತಿಲ್ಲ, ಪ್ರೋಗ್ರಾಮಿನಲ್ಲಿ ಬಣ್ಣ ಬರೆಯುವಂತಿಲ್ಲ ಎಂಬುದು ಎರಡನೆಯ ಕಟ್ಟು.

ಆ 'ಸ್ಥಿತಿ' ಎಂಬ ಕಾಲಂ ನಮ್ಮ ಒತ್ತಾಯದಿಂದ ಬಂದದ್ದು. ಡಿಸೈನರ್‌ಗಳು ಸಾಧಾರಣವಾಗಿ ಒಳ್ಳೆಯ ದಿನದ ಪುಟ ಮಾತ್ರ ಬರೆಯುತ್ತಾರೆ, ಚೆಂದದ ಚಿತ್ರ, ಮೂರು ಕಾರ್ಯಕ್ರಮ. ಒಂದೂ ಕಾರ್ಯಕ್ರಮ ಇಲ್ಲದ ಆಷಾಢದಲ್ಲಿ ಪುಟ ಹೇಗೆ ಕಾಣಬೇಕು? ನವೆಂಬರಿನಲ್ಲಿ ನಲವತ್ತು ಬಂದಾಗ? ಮುಂದೂಡಿದಾಗ? ನೆಟ್‌ವರ್ಕ್ ಹೋದಾಗ? ಪ್ರೋಗ್ರಾಮರ್ ಈ ಸ್ಥಿತಿಗಳ ಪಟ್ಟಿ ಕೊಡಬೇಕು, ಡಿಸೈನರ್ ಪ್ರತಿಯೊಂದಕ್ಕೂ ಒಂದು ಪುಟ ಬರೆಯಬೇಕು. ಈಗ 'ಮುಂದೂಡಲಾಗಿದೆ' ಎಂದು ನಾವು ಆಯ್ದರೆ ಸಾಕು, ಮುಖಪುಟದ ಮೇಲುಗಡೆ ಕೆಂಪು ಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಅದಕ್ಕೆ ಪಾಸ್‌ವರ್ಡ್ ಮೂವರು ಪದಾಧಿಕಾರಿಗಳ ಬಳಿ ಪ್ರತ್ಯೇಕ ಪ್ರತ್ಯೇಕವಾಗಿದೆ, ಯಾರು ಯಾವಾಗ ಏನು ತಿದ್ದಿದರು ಎಂಬ ದಾಖಲೆಯೂ ಉಳಿಯುತ್ತದೆ.

ಕಡತಗಳ ವಿಷಯದಲ್ಲಿ ಅವರು ಗಿಟ್ ಎಂಬುದನ್ನು ಬಳಸುತ್ತಾರೆ. ಲೈನಕ್ಸ್ ಖ್ಯಾತಿಯ ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಮಾಡಿದ ತಂತ್ರಾಂಶ ಅದು. ಕಚೇರಿಯ ಕಡತ ಚಲನ ರಿಜಿಸ್ಟರ್ ನೆನಪಿಸಿಕೊಳ್ಳಿ: ಯಾರು ತೆಗೆದರು, ಏನು ಟಿಪ್ಪಣಿ ಬರೆದರು, ಯಾವಾಗ ಹಿಂದಿರುಗಿಸಿದರು. ಗಿಟ್ ಅದನ್ನೆಲ್ಲ ಸಾಲು ಸಾಲಿಗೂ ಮಾಡುತ್ತದೆ, ತಪ್ಪಿದರೆ ನಿನ್ನೆಯ ರೂಪಕ್ಕೆ ಮರಳಬಹುದು. ಒಬ್ಬರ ತಿದ್ದುಪಡಿಯ ಮೇಲೆ ಇನ್ನೊಬ್ಬರು ಬರೆದು ಅಳಿಸಿಹಾಕುವ ಪ್ರಸಂಗ ಬರುವುದಿಲ್ಲ. ಹೊಸದೇನಿದ್ದರೂ ಮೊದಲು ಪ್ರಾಯೋಗಿಕ ಪ್ರತಿಗೆ, ಇಬ್ಬರೂ ಒಪ್ಪಿದ ಮೇಲೆ ಸಾರ್ವಜನಿಕ ತಾಣಕ್ಕೆ.

ಜಗಳ ಆಗಲಿಲ್ಲವೇ ಎಂದರೆ, ಆಯಿತು. ಮುಖಪುಟದಲ್ಲಿ ತಾನಾಗಿ ಓಡುವ ದೊಡ್ಡ ಚಿತ್ರಗಳ ಸಾಲು ಬೇಕೆಂದು ಅವಳು, ಪುಟ ಭಾರವಾಗುತ್ತದೆ ಎಂದು ಅವನು. ಎರಡು ದಿನ ಮಾತಿಲ್ಲ. ನಾವು ಇಬ್ಬರ ಪರವಾಗಿಯೂ ಹೇಳಲಿಲ್ಲ. ಪಾಣತ್ತೂರು ಕಡೆಯ ಗುಡ್ಡದ ಮೇಲಿರುವ ಸದಸ್ಯರೊಬ್ಬರ ಮನೆಗೆ ಹೋಗಿ, ಅವರ ಹಳೆಯ ಮೊಬೈಲಿನಲ್ಲಿ ಪುಟ ತೆರೆಯಲು ಹೇಳಿದೆವು. ಕಾಫಿ ಕುಡಿದು ಮುಗಿಯಿತು, ಮೊದಲ ಚಿತ್ರ ಅರ್ಧ ಬಂದಿತ್ತು. ಅವಳೇ ಆ ಸಾಲನ್ನು ತೆಗೆದಳು. ಆದರೆ ಅದೇ ಮನೆಯಲ್ಲಿ ಅವನು ಬರೆದ 'ಅಮಾನ್ಯ ಇನ್‌ಪುಟ್' ಎಂಬ ಎಚ್ಚರಿಕೆ ಆ ಹಿರಿಯರಿಗೆ ಅರ್ಥವಾಗಲೇ ಇಲ್ಲ. 'ಫೋನ್ ಸಂಖ್ಯೆಯಲ್ಲಿ ಹತ್ತು ಅಂಕಿ ಇರಬೇಕು' ಎಂದು ಅವಳು ಬದಲಿಸಿದಳು. ಯಾರ ಮಾತು ಮೇಲು ಎಂದು ತೀರ್ಮಾನಿಸಲು ನಮ್ಮಂಥವರು ಮಧ್ಯಸ್ಥಿಕೆ ವಹಿಸುವುದಕ್ಕಿಂತ ಓದುವವರ ಕೈಗೆ ಕೊಟ್ಟು ನೋಡುವುದು ಉತ್ತಮ ಎಂಬುದು ನಮ್ಮ ಅಭಿಪ್ರಾಯ.

ಖರ್ಚಿನ ವಿಷಯ. ಸಿದ್ಧ ವ್ಯವಸ್ಥೆಯಾದ ವರ್ಡ್‌ಪ್ರೆಸ್ ಉಚಿತವಾಗಿ ಸಿಗುತ್ತದೆ, 2003ರಿಂದ ಇದೆ, ಅದನ್ನೇ ಹಾಕಬಹುದಿತ್ತಲ್ಲ ಎಂದು ಕೆಲವರು ಕೇಳಿದ್ದಾರೆ. ಹಾಕಿದ್ದು ಅದನ್ನೇ! ಅಡಿಪಾಯ ಉಚಿತ. ಊರಿನ ಪಟ್ಟಿ, ಕಾರ್ಯಕ್ರಮದ ಸ್ಥಿತಿ, ಸದಸ್ಯತ್ವದ ನಮೂನೆ, ಕನ್ನಡಕ್ಕೆ ಒಗ್ಗುವ ಟೆಂಪ್ಲೇಟ್, ಇವನ್ನು ಮಾಡಿದ್ದಕ್ಕೆ ಇಬ್ಬರಿಗೂ ಗೌರವಧನ ಕೊಟ್ಟದ್ದು. ರಶೀದಿಗಳು ಖಜಾಂಚಿಯವರಲ್ಲಿ ಇವೆ, ಯಾರು ಬೇಕಾದರೂ ನೋಡಬಹುದು.

ಇನ್ನು ಸದಸ್ಯರು ಮಾಡಬೇಕಾದದ್ದು ಸ್ವಲ್ಪ ಇದೆ. ನಿಮ್ಮ ಊರಿನ ಕಾರ್ಯಕ್ರಮದ ವಿವರ ಕಳುಹಿಸುವಾಗ ಪೋಸ್ಟರಿನ ಚಿತ್ರ ಮಾತ್ರ ಕಳುಹಿಸಬೇಡಿ. ಚಿತ್ರದೊಳಗಿನ ಅಕ್ಷರವನ್ನು ನಮ್ಮ ಡೇಟಾಬೇಸ್ ಹುಡುಕಲಾರದು, ಗುಡ್ಡದ ಮೇಲಿನ ಮೊಬೈಲ್ ತೆರೆಯಲಾರದು. ಜೊತೆಗೆ ಮೊಬೈಲಿನಲ್ಲೇ ಕನ್ನಡದಲ್ಲಿ ಹೆಸರು, ಸ್ಥಳ, ಶುರುವಾಗುವ ಮತ್ತು ಮುಗಿಯುವ ಸಮಯ, ಒಂದು ಫೋನ್ ಸಂಖ್ಯೆ ಬರೆಯಿರಿ. ನುಡಿ ಅಥವಾ ಬರಹದಲ್ಲಿ ಟೈಪ್ ಮಾಡುವವರು ಯೂನಿಕೋಡ್ ಆಯ್ದುಕೊಳ್ಳಿ, ಹಳೆಯ ಫಾಂಟಿನಲ್ಲಿ ಬಂದರೆ ಪುಟದಲ್ಲಿ ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತದೆ. ಮಾರ್ಚ್ 23ರ ಗೋವಿಂದ ಪೈ ಜನ್ಮದಿನದ ಕಾರ್ಯಕ್ರಮಗಳ ವಿವರವನ್ನು ಮಾರ್ಚ್ ಮೊದಲ ವಾರದೊಳಗೆ ಕಳುಹಿಸಬೇಕಾಗಿ ವಿನಂತಿ. ನಿಮ್ಮ ಊರಿನ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ, ಅಥವಾ ತಪ್ಪಾಗಿ ಕಂಡರೆ, ಅದನ್ನು ಮೊದಲು ತಿಳಿಸಿ.

– ಕಾರ್ಯದರ್ಶಿ